ಹೆಸರು ಒಂದೇ, ಕಡತ ತೆರೆಯದು

2000ರ ದಶಕದ ಮಧ್ಯಭಾಗ. ಕುಂದಾಪುರದ ಒಂದು ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ, ಬೈಂದೂರಿನಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಖಾತೆ ಕೆಟ್ಟಿದೆಯೆಂದು ನಾನು ಅದನ್ನು ಅಳಿಸಿ, ಅದೇ ಹೆಸರಿನಲ್ಲಿ ಹೊಸ ಖಾತೆ ಮಾಡಿಕೊಟ್ಟೆ. ಮರುದಿನ ಆಕೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಿತ್ತು. ಲಾಗಿನ್ ಏನೋ ಆಯಿತು. ಆದರೆ ಯಾವ ಗಣಕದಲ್ಲಿ ಕುಳಿತರೂ ಬೆನ್ನುಹತ್ತಿ ಬರಬೇಕಾದ ಆಕೆಯ ಪ್ರೊಫೈಲ್ ಬರಲಿಲ್ಲ. ಸರ್ವರಿನಲ್ಲಿದ್ದ ಫೋಲ್ಡರಿಗೆ ಪ್ರವೇಶವಿಲ್ಲ ಎಂಬ ಉತ್ತರ. ಅಡ್ಮಿನಿಸ್ಟ್ರೇಟರ್ ಆದ ನನಗೂ ಅದೇ ಉತ್ತರ! "ಹೆಸ್ರ್ ನಂದೇ ಅಲ್ದಾ ಸರ್?" ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು.

ಒಂದು ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಅದರಲ್ಲಿ ಗುಪ್ತಪದಗಳು ಬಂದವು. ಅದೇ ದಶಕದಲ್ಲಿ ಒಂದು ಎಡವಟ್ಟಾಯಿತು. ಒಬ್ಬ ನಿರ್ವಾಹಕ ದಿನದ ಸಂದೇಶವನ್ನು, ಇನ್ನೊಬ್ಬ ಗುಪ್ತಪದಗಳ ಪಟ್ಟಿಯನ್ನು ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸಿತು. ಎರಡೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಗುಪ್ತಪದಗಳೂ ಕಾಣಿಸಿದವು!

1971ರ ಯುನಿಕ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ ಕೊಟ್ಟಿದ್ದರು. ಕಡತದೊಂದಿಗೆ ಉಳಿಯುವುದು ಒಡೆಯನ ಹೆಸರಲ್ಲ, ಆ ಸಂಖ್ಯೆ. ಜೊತೆಗೆ ಓದುವ, ಬರೆಯುವ ಅನುಮತಿಯ ಕೆಲವು ಬಿಟ್‌ಗಳು. ಬ್ರಹ್ಮಾವರದ ಪರೀಕ್ಷಾ ಕೇಂದ್ರದಲ್ಲಿ ಒಂದೇ ಹೆಸರಿನ ಇಬ್ಬರು ಕುಳಿತರೆ ಉತ್ತರಪತ್ರಿಕೆಗಳನ್ನು ಬೇರ್ಪಡಿಸುವುದು ನೋಂದಣಿ ಸಂಖ್ಯೆಯಲ್ಲವೇ, ಹಾಗೆ. ಆದರೆ ಯುನಿಕ್ಸ್‌ನಲ್ಲಿ ಬಿಟ್ಟುಹೋದವನ ಸಂಖ್ಯೆಯನ್ನು ಹೊಸಬನಿಗೆ ಕೊಟ್ಟರೆ ಹಳೆಯ ಕಡತಗಳೂ ಅವನ ಪಾಲಾಗುತ್ತವೆ. 1993ರ ವಿಂಡೋಸ್ ಎನ್‌ಟಿ ಆ ದಾರಿ ಮುಚ್ಚಿತು. ಅಲ್ಲಿ ಪ್ರತಿ ಖಾತೆಗೂ ಎಸ್‌ಐಡಿ ಎಂಬ ಉದ್ದನೆಯ ಸಂಖ್ಯೆ. ಖಾತೆ ಅಳಿಸಿದರೆ ಆ ಸಂಖ್ಯೆ ಮತ್ತೆ ಹುಟ್ಟದು. ನಾನು ಅಳಿಸಿದ್ದು ಅದನ್ನೇ. ಫೋಲ್ಡರಿನ ಅನುಮತಿ ಪಟ್ಟಿಯಲ್ಲಿ ಹೆಸರಿದ್ದ ಕಡೆ ಎಸ್‌-1-5 ಎಂದು ಆರಂಭವಾಗುವ ಒಂದು ಅನಾಥ ಸಂಖ್ಯೆ ಮಾತ್ರ ಉಳಿದಿತ್ತು.

ನನ್ನನ್ನೂ ತಡೆದದ್ದೇಕೆ? ವಿಂಡೋಸ್ ತಾನಾಗಿ ಸೃಷ್ಟಿಸುವ ಇಂಥ ಫೋಲ್ಡರಿನಲ್ಲಿ ಬಳಕೆದಾರರಿಗೂ ವ್ಯವಸ್ಥೆಗೂ ಮಾತ್ರ ಹಕ್ಕು. ಅಡ್ಮಿನಿಸ್ಟ್ರೇಟರ್ ಮೊದಲು ಒಡೆತನ ವಹಿಸಿಕೊಂಡು, ಬಳಿಕ ಹೊಸ ಖಾತೆಗೆ ಒಳಗಿನ ಫೋಲ್ಡರುಗಳೂ ಸೇರಿ ಪೂರ್ಣ ಅನುಮತಿ ಕೊಡಬೇಕು. ಒಡೆತನ ಯಾರ್ಯಾರದ್ದೋ ಆಗಿ ಉಳಿದರೂ ನಡೆಯದು: 2002ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 1ರಿಂದ, ಅದು ಬಳಕೆದಾರರದ್ದೋ ಅಡ್ಮಿನಿಸ್ಟ್ರೇಟರ್ ಗುಂಪಿನದ್ದೋ ಅಲ್ಲದಿದ್ದರೆ ಪ್ರೊಫೈಲನ್ನೇ ನಿರಾಕರಿಸುವ ತಪಾಸಣೆ ಇದೆ.

ಇಷ್ಟಾದರೂ ಡೆಸ್ಕ್‌ಟಾಪ್ ಬರಲಿಲ್ಲ. ಸೆಟ್ಟಿಂಗುಗಳಿರುವ ಎನ್‌ಟಿಯೂಸರ್.ಡ್ಯಾಟ್ ಕಡತದ ಒಳಗೆ ಬೇರೆಯೇ ಅನುಮತಿಗಳಿರುತ್ತವೆ. ಅಲ್ಲೂ ಹಳೆಯ ಸಂಖ್ಯೆಯೇ. ಅದನ್ನು ರಿಜಿಸ್ಟ್ರಿ ಎಡಿಟರಿನಲ್ಲಿ ತೆರೆದು ತಿದ್ದಬಹುದು. ನಾನು ತಿದ್ದಲಿಲ್ಲ. ಹೊಸ ಪ್ರೊಫೈಲ್ ಹುಟ್ಟಲು ಬಿಟ್ಟು, ದಾಖಲೆಗಳನ್ನಷ್ಟೇ ನಕಲು ಮಾಡಿದೆ. ಖಾತೆಯನ್ನು ಅಳಿಸದೆ ಬರೀ ನಿಷ್ಕ್ರಿಯಗೊಳಿಸಿ ನೋಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ವರದಿಯ ಮುದ್ರಿತ ಪ್ರತಿ ಕೈಗೆ ಬಂದಾಗ ಬೈಂದೂರು ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.