ಸಹಿ ಬೀಳದ ಕಡತ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ರೋಗನಿರೋಧಕ ಕಣಗಳ ಚರಿತ್ರೆ

ಅರವತ್ತು ದಾಟಿದ ಗಂಡಸರು ನಾಲ್ವರು ಸೇರಿದ ಕಡೆ ಸಕ್ಕರೆ ಕಾಯಿಲೆಯ ಮಾತು ಬರುತ್ತದೆ, ರಕ್ತದೊತ್ತಡದ ಮಾತು ಬರುತ್ತದೆ, ಮೊಣಕಾಲಿನ ಮಾತಂತೂ ತಪ್ಪುವುದೇ ಇಲ್ಲ. ಪ್ರಾಸ್ಟೇಟ್ ಗ್ರಂಥಿಯ ಮಾತು ಮಾತ್ರ ಬರುವುದಿಲ್ಲ. ಮೂತ್ರಕೋಶದ ಕೆಳಗೆ ಅಕ್ರೋಟಿನ ಗಾತ್ರದಲ್ಲಿ ಕುಳಿತ ಈ ಗ್ರಂಥಿಗೆ ನಾವು ಸಂಕೋಚದ ಪರದೆ ಹಾಕಿಬಿಟ್ಟಿದ್ದೇವೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿಗೆ ನಿವೃತ್ತಿಯ ಮರುವರ್ಷವೇ ಈ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಇಳಿದಿರುವುದು ತಿಳಿಯಿತು. ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಬೆರಳಿಗೆ ಮುಳ್ಳು ಚುಚ್ಚಿದರೆ ಊದಿಕೊಂಡು ಕೀವು ಕಟ್ಟಿ ಹೊರಹಾಕುವ ಮೈ, ಇದರ ಮುಂದೆ ಯಾಕೆ ಸುಮ್ಮನೆ ಕೂತಿದೆ?” ಆ ಪ್ರಶ್ನೆಗೆ ಒಂದೂವರೆ ಶತಮಾನದ ಚರಿತ್ರೆಯಿದೆ.

ಅವರು ಹೇಳಿದ ಮುಳ್ಳಿನಿಂದಲೇ ಆ ಚರಿತ್ರೆಯನ್ನು ಆರಂಭಿಸಬಹುದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕೋವ್ ಎಂಬ ರಷ್ಯನ್ ಜೀವವಿಜ್ಞಾನಿ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ಚಲಿಸುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನುಂಗುವ ಕಣಗಳ ಸಿದ್ಧಾಂತ ಹುಟ್ಟಿದ್ದು ಹೀಗೆ. ಅದಕ್ಕೂ ಮೊದಲೇ, 1863ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಖೋ ಕ್ಯಾನ್ಸರ್ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ಗುರುತಿಸಿದ್ದರು. ಆದರೆ ಅವು ಅಲ್ಲಿ ಏನು ಮಾಡುತ್ತಿವೆ ಎಂಬುದು ತಿಳಿದಿರಲಿಲ್ಲ. 1891ರಿಂದ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಗಡ್ಡೆಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ, ಜ್ವರ ಬರಿಸಿ, ಮೈಯ ಕಾವಲನ್ನು ಎಬ್ಬಿಸಲು ನೋಡಿದರು. ಕೆಲವರ ಗಡ್ಡೆ ಕರಗಿತು, ಹಲವರದು ಕರಗಲಿಲ್ಲ. ಕಾರಣ ವಿವರಿಸಲಾಗದ ಆ ವಿಧಾನ ಬರಬರುತ್ತ ಮೂಲೆಗುಂಪಾಯಿತು.

ಪ್ರಾಸ್ಟೇಟ್ ಕ್ಯಾನ್ಸರಿನ ವಿದ್ಯೆ ಹಿಡಿದದ್ದು ಬೇರೆ ದಾರಿ. 1938ರಲ್ಲಿ ಗುಟ್‌ಮನ್ ದಂಪತಿ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದನ್ನು ತೋರಿಸಿದರು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್, ಪುರುಷ ಹಾರ್ಮೋನನ್ನು ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಸ್ಥಾಪಿಸಿದರು. 1966ರಲ್ಲಿ ನೊಬೆಲ್ ಪಡೆದರು. ಅವರ ಚಿಕಿತ್ಸೆ ಇಂದಿಗೂ ಮೊದಲ ಆಸರೆ. ಆದರೆ ಹರಡಿದ ಕ್ಯಾನ್ಸರ್ ಕೆಲವು ವರ್ಷಗಳಲ್ಲಿ ಹಾರ್ಮೋನಿನ ಹಂಗಿಲ್ಲದೆಯೂ ಬೆಳೆಯಲು ಕಲಿತುಬಿಡುತ್ತದೆ. ಆಗ ಮುಂದೇನು?

1970ರಲ್ಲಿ ಗೊಂಡರ್, ಸೋನ್ಸ್ ಮತ್ತು ಆಬ್ಲಿನ್ ಎಂಬ ಅಮೆರಿಕದ ಸಂಶೋಧಕರು ಒಂದು ವಿಚಿತ್ರವನ್ನು ವರದಿ ಮಾಡಿದರು. ಪ್ರಾಸ್ಟೇಟ್ ಗಡ್ಡೆಯನ್ನು ಅತಿಶೀತದಿಂದ ಹೆಪ್ಪುಗಟ್ಟಿಸಿ ಕೊಂದಾಗ, ಚಿಕಿತ್ಸೆ ಮುಟ್ಟದ ದೂರದ ಗಡ್ಡೆಗಳೂ ಕೆಲವರಲ್ಲಿ ಕುಗ್ಗಿದ್ದವು. ಸತ್ತ ಜೀವಕೋಶಗಳ ಚೂರುಗಳು ರೋಗನಿರೋಧಕ ಕಣಗಳಿಗೆ ಶತ್ರುವಿನ ಚಹರೆ ಕಲಿಸಿರಬಹುದೆಂದು ಅವರು ಊಹಿಸಿದರು. ಬೆರಳೆಣಿಕೆಯ ರೋಗಿಗಳ ಅನುಭವದ ಮೇಲೆ ಚಿಕಿತ್ಸೆಯನ್ನು ಕಟ್ಟಲಾಗದು. ಆದರೂ ಪ್ರಶ್ನೆ ಜೀವಂತವಾಗಿ ಉಳಿಯಿತು.

ಚಹರೆ ಕಲಿಸುವವರು ಯಾರೆಂಬುದಕ್ಕೆ ಉತ್ತರದ ಎಳೆ ಸಿಕ್ಕಿದ್ದು 1973ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್, ಕೊಂಬೆಗಳಂತೆ ಕೈಚಾಚಿದ ಡೆಂಡ್ರಿಟಿಕ್ ಕೋಶಗಳನ್ನು ಗುರುತಿಸಿದರು. ರೋಗನಿರೋಧಕ ಕಣಗಳನ್ನು ಸೈನ್ಯಕ್ಕೆ ಹೋಲಿಸುವುದು ನಮ್ಮಲ್ಲಿ ರೂಢಿ. ಸ್ವತಃ ಕ್ಯಾನ್ಸರ್ ಅನುಭವಿಸಿದ ಸೂಸನ್ ಸಾಂಟಾಗ್ 1978ರಲ್ಲೇ, ಕಾಯಿಲೆಗೆ ಯುದ್ಧದ ಭಾಷೆ ತೊಡಿಸುವುದನ್ನು ಆಕ್ಷೇಪಿಸಿದ್ದರು. ಎರಡು ದಶಕ ಕಡತಗಳ ನಡುವೆ ಕಳೆದ ನಮಗೆ ಈ ವ್ಯವಸ್ಥೆ ಸೈನ್ಯಕ್ಕಿಂತ ಸರ್ಕಾರಿ ಕಚೇರಿಯ ಹಾಗೆಯೇ ಕಾಣುತ್ತದೆ. ಡೆಂಡ್ರಿಟಿಕ್ ಕೋಶ ಅನ್ಯವಸ್ತುವಿನ ಚೂರನ್ನು ಎತ್ತಿಕೊಂಡು, ದುಗ್ಧಗ್ರಂಥಿಗೆ ಹೋಗಿ, ಟಿ-ಕೋಶದ ಮುಂದೆ ಟಿಪ್ಪಣಿಯೊಡನೆ ಮಂಡಿಸಬೇಕು. ಗುರುತು ತಾಳೆಯಾದರಷ್ಟೇ ಸಾಲದು; ಎರಡನೆಯದೊಂದು ಸಂಕೇತವೂ ಬೇಕು. ಎರಡು ಸಹಿ ಬೀಳದೆ ಆದೇಶ ಹೊರಡುವುದಿಲ್ಲ.

ಈ ತಿಳಿವಿನಿಂದ ಹುಟ್ಟಿದ್ದು ಸಿಪ್ಯುಲ್ಯೂಸೆಲ್-ಟಿ. ರೋಗಿಯದೇ ರಕ್ತಕಣಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಆಸಿಡ್ ಫಾಸ್ಫಟೇಸಿನ ಚಹರೆ ತೋರಿಸಿ, ಮತ್ತೆ ಅವರ ಮೈಗೆ ಏರಿಸುವುದು. ಸುಮಾರು ಎರಡು ವಾರಕ್ಕೊಮ್ಮೆಯಂತೆ ಮೂರು ಬಾರಿ. 1938ರಲ್ಲಿ ರೋಗದ ಗುರುತಾಗಿದ್ದ ಕಿಣ್ವವೇ ಈಗ ಗುರಿಯಾಯಿತು. 512 ಗಂಡಸರ ಪರೀಕ್ಷೆಯ ಬಳಿಕ, 2010ರ ಏಪ್ರಿಲಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಇರುವ ಕ್ಯಾನ್ಸರಿಗೆ ಚಿಕಿತ್ಸೆಯಾಗಿ ಅಲ್ಲಿ ಅನುಮತಿ ಪಡೆದ ಮೊದಲ ಲಸಿಕೆ ಇದು. ಚಿಕಿತ್ಸೆ ಪಡೆದವರ ಮಧ್ಯಮ ಆಯುಷ್ಯ 25.8 ತಿಂಗಳು, ಪಡೆಯದವರದು 21.7. ಅಂತರ ನಾಲ್ಕು ತಿಂಗಳು. ಆಗಿನ ಬೆಲೆ 93,000 ಡಾಲರ್. ಸೋಜಿಗವೆಂದರೆ ಗಡ್ಡೆಗಳು ಕಣ್ಣಿಗೆ ಕಾಣುವಷ್ಟು ಕುಗ್ಗಿರಲಿಲ್ಲ. ತಯಾರಿಸಿದ ಕಂಪನಿ 2014ರಲ್ಲಿ ದಿವಾಳಿ ಅರ್ಜಿ ಹಾಕಿತು. ಸ್ಟೈನ್‌ಮನ್ ತಮ್ಮ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಡೆಂಡ್ರಿಟಿಕ್ ಕೋಶಗಳ ಚಿಕಿತ್ಸೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡವರು. 2011ರಲ್ಲಿ ನೊಬೆಲ್ ಘೋಷಣೆಗೆ ಮೂರು ದಿನ ಮೊದಲು ತೀರಿಕೊಂಡರು.

ಇನ್ನೊಂದು ದಾರಿ ಜೇಮ್ಸ್ ಆಲಿಸನ್ ಅವರದು. ಟಿ-ಕೋಶದ ಮೇಲೆ ‘ಸಿಟಿಎಲ್‌ಎ-4’ ಎಂಬ ತಡೆಯಿದೆ, ಅದನ್ನು ತೆಗೆದರೆ ಕಣಗಳು ಗಡ್ಡೆಯ ಮೇಲೆ ಏರಿಹೋಗುತ್ತವೆ ಎಂದು ಅವರು 1996ರಲ್ಲಿ ಇಲಿಗಳಲ್ಲಿ ತೋರಿಸಿದರು. ಮರುವರ್ಷ ಇಲಿಗಳ ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ಫಲ ಕಂಡಿತು. 2011ರಲ್ಲಿ ಇದೇ ತತ್ತ್ವದ ಇಪಿಲಿಮುಮಾಬ್ ಚರ್ಮದ ಕ್ಯಾನ್ಸರಾದ ಮೆಲನೋಮಾಕ್ಕೆ ಔಷಧವಾಯಿತು. 2018ರಲ್ಲಿ ಆಲಿಸನ್ ನೊಬೆಲ್ ಹಂಚಿಕೊಂಡರು. ಆದರೆ ಅವರ ಸಹೋದರ ತೀರಿಕೊಂಡದ್ದು ಪ್ರಾಸ್ಟೇಟ್ ಕ್ಯಾನ್ಸರಿನಿಂದ; ಸ್ವತಃ ಆಲಿಸನ್ನರಿಗೂ ಆ ಕಾಯಿಲೆ ಬಂದು, ಆರಂಭದಲ್ಲೇ ಪತ್ತೆಯಾದ್ದರಿಂದ ಗುಣವಾಯಿತು. ಮತ್ತು ಸುಮಾರು 800 ಪ್ರಾಸ್ಟೇಟ್ ರೋಗಿಗಳ ಮೇಲೆ ಅದೇ ಔಷಧವನ್ನು ಪರೀಕ್ಷಿಸಿದಾಗ, 2014ರ ಫಲಿತಾಂಶದಲ್ಲಿ ಆಯುಷ್ಯ ಖಚಿತವಾಗಿ ಹೆಚ್ಚಿದ್ದು ಕಾಣಲಿಲ್ಲ.

ಯಾಕೆ? ಮೆಲನೋಮಾಕ್ಕೆ ಹೋಲಿಸಿದರೆ ಪ್ರಾಸ್ಟೇಟ್ ಕ್ಯಾನ್ಸರಿನ ವಂಶವಾಹಿಗಳಲ್ಲಿ ಮಾರ್ಪಾಟು ಕಡಿಮೆ. ಅನ್ಯವೆಂದು ಗುರುತಿಸಲು ಟಿ-ಕೋಶಕ್ಕೆ ಸಿಗುವ ಕುರುಹುಗಳೂ ಕಡಿಮೆ. ಗಡ್ಡೆಯೊಳಗಿನ ಭಕ್ಷಕ ಕಣಗಳು ಹಲವೊಮ್ಮೆ ಗಡ್ಡೆಯ ಪಕ್ಷ ವಹಿಸುತ್ತವೆ. ಆಲಿಸನ್ನರ ಪತ್ನಿಯೂ ಸಹಸಂಶೋಧಕಿಯೂ ಆದ ಪದ್ಮನೀ ಶರ್ಮಾ ಅವರ ತಂಡ 2017ರಲ್ಲಿ ತೋರಿಸಿದ್ದು ಇದನ್ನೇ: ಒಂದು ತಡೆ ತೆಗೆದೊಡನೆ ಪ್ರಾಸ್ಟೇಟ್ ಗಡ್ಡೆಯ ಕಣಗಳ ಮೇಲೆ ಬೇರೆ ತಡೆಗಳು ಎದ್ದು ನಿಲ್ಲುತ್ತವೆ. ಕಾಯಿಲೆ ಹೆಚ್ಚಾಗಿ ನೆಲೆಯೂರುವ ಮೂಳೆ ಸವೆಯುವಾಗ ಹೊರಬರುವ ಒಂದು ರಾಸಾಯನಿಕವೂ ಟಿ-ಕೋಶಗಳನ್ನು ದಾರಿ ತಪ್ಪಿಸುತ್ತದೆಂದು 2019ರಲ್ಲಿ ತಿಳಿಯಿತು. ಇವುಗಳ ಜೊತೆಗೆ, ನಮ್ಮ ಮೈಯನ್ನು ನಮ್ಮದೇ ಕಣಗಳಿಂದ ಕಾಯುವ ನಿಯಂತ್ರಕ ಟಿ-ಕೋಶಗಳೂ ಗಡ್ಡೆಯ ಸುತ್ತ ನೆರೆದಿರುತ್ತವೆ. ಇವುಗಳ ಶೋಧಕ್ಕೆ 2025ರ ನೊಬೆಲ್ ಸಂದಿದೆ.

ಕಡತದ ದುರ್ದೈವ ಎಂತಹುದೆಂದು ನಮಗೆ ಗೊತ್ತು. ಯಾರೂ ತಿರಸ್ಕರಿಸಿರುವುದಿಲ್ಲ, ಪ್ರತಿ ಮೇಜಿನಲ್ಲೂ ಒಂದೊಂದು ನಿಯಮ, ಪ್ರತಿ ನಿಯಮಕ್ಕೂ ಒಂದು ಒಳ್ಳೆಯ ಕಾರಣ. ಮೈಯ ತಡೆಗಳೂ ಹಾಗೆಯೇ. ಅವಿಲ್ಲದಿದ್ದರೆ ನಮ್ಮ ಕಣಗಳು ನಮ್ಮ ಕೀಲುಗಳನ್ನೂ ಕರುಳನ್ನೂ ತಿಂದುಹಾಕುತ್ತಿದ್ದವು. ಕ್ಯಾನ್ಸರ್ ಬಳಸಿಕೊಳ್ಳುವುದು ಆ ಒಳ್ಳೆಯ ಕಾರಣಗಳನ್ನೇ.

ಪೂರ್ಣ ನಿರಾಸೆಗೆ ಕಾರಣವಿಲ್ಲ. ವಂಶವಾಹಿಯ ದುರಸ್ತಿ ವ್ಯವಸ್ಥೆ ಕೆಟ್ಟಿರುವ ಕೆಲವೇ ಪ್ರಾಸ್ಟೇಟ್ ರೋಗಿಗಳಲ್ಲಿ ತಡೆ ತೆಗೆಯುವ ಔಷಧಗಳು ಚೆನ್ನಾಗಿ ನಾಟುತ್ತವೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ಬೆಳೆದ, ತಿದ್ದಿದ ಟಿ-ಕೋಶಗಳ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತಿದೆ. ಅದು ಕೆಲವು ರಕ್ತದ ಕ್ಯಾನ್ಸರುಗಳಿಗಷ್ಟೇ. ಪ್ರಾಸ್ಟೇಟಿನಂಥ ಗಟ್ಟಿ ಗಡ್ಡೆಗಳಿಗೆ ಆ ದಾರಿ ಇನ್ನೂ ದುರ್ಗಮ.

ಇಷ್ಟನ್ನು ನಾವು ಆ ಹಿರಿಯರಿಗೆ ಒಂದು ಸಂಜೆ ಹೇಳಿದೆವು. “ಹಾಗಾದರೆ ಮೈ ಸುಮ್ಮನೆ ಕೂತಿಲ್ಲ ಅನ್ನಿ” ಎಂದರು. ಅಮೆರಿಕದ ಆ ಲಸಿಕೆಗೆ ಅಷ್ಟು ಹಣ ತೆತ್ತು ಸಿಗುವುದು ನಾಲ್ಕೇ ತಿಂಗಳಲ್ಲವೇ ಎಂದು ನಾವು ಬಾಯಿತಪ್ಪಿ ಅಂದೆವು. ಅವರು ಗೋಡೆಯ ಪಂಚಾಂಗದ ಕಡೆ ನೋಡಿ, “ನಾಲ್ಕು ತಿಂಗಳಿಗೆ ಮೊಮ್ಮಗಳ ಪರೀಕ್ಷೆ ಮುಗಿಯುತ್ತದೆ” ಎಂದರು. ಆಮೇಲೆ ನಾವು ಅಂಕಿಅಂಶದ ಮಾತು ಎತ್ತಲಿಲ್ಲ.