ಶಾಸನಗಳೂ ಊರವರೂ

ಕನ್ನಡ ನಾಡಿನಲ್ಲಿ ಶಾಸನವಿಲ್ಲದ ಸೀಮೆ ವಿರಳ. ದೇವಾಲಯದ ಬಾಗಿಲ ಬಳಿ, ಕೆರೆಯ ಏರಿಯ ಮೇಲೆ, ಊರ ಮುಂದಿನ ಬಯಲಿನಲ್ಲಿ, ಹೊಲದ ಬದುವಿನಲ್ಲಿ ಬರಹವುಳ್ಳ ಕಲ್ಲುಗಳು ನಿಂತಿರುವುವು. ಇತಿಹಾಸವನ್ನು ಅಭ್ಯಾಸಮಾಡುವವರು ಇವನ್ನು ರಾಜವಂಶಗಳ ಕಾಲನಿರ್ಣಯಕ್ಕೆ ಸಾಧನಗಳೆಂದು ಎಣಿಸುತ್ತಾರೆ, ಅದು ಸರಿಯೇ. ಆದರೆ ಇವನ್ನು ಬರೆಯಿಸಿದವರು ಮುಂದೆ ಬರತಕ್ಕ ಪಂಡಿತರನ್ನು ನೆನೆದು ಬರೆಯಿಸಿದವರಲ್ಲ. ತಮ್ಮ ಊರಿನವರು ನೋಡಲಿ, ತಿಳಿಯಲಿ, ಕಾಪಾಡಲಿ ಎಂದು ನಿಲ್ಲಿಸಿದರು.

ಒಂದು ದಾನಶಾಸನವನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುವುದು. ಅರಸನ ಬಿರುದುಗಳು ಮುಗಿದೊಡನೆ ಊರಿನ ವಿಷಯ ಬರುತ್ತದೆ. ಯಾವ ಕೆರೆಯ ಕೆಳಗಿನ ಗದ್ದೆ, ಅದರ ಮೂಡಲ ಎಲ್ಲೆ ಯಾವ ಮರ, ತೆಂಕಣ ಎಲ್ಲೆ ಯಾವ ಹಳ್ಳ, ಸಾಕ್ಷಿಗಳಾಗಿ ನಿಂತವರು ಯಾರು ಎಂಬುದೆಲ್ಲ ಬಿಡಿಬಿಡಿಯಾಗಿ ಬರುವುದು. ಕೊನೆಯಲ್ಲಿ ಶಾಪವಾಕ್ಯಗಳು: ಈ ಧರ್ಮವನ್ನು ಕೆಡಿಸಿದವನು ವಾರಾಣಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಎಚ್ಚರಿಕೆ. ಇದು ಊರವರಿಗೆ ಒಪ್ಪಿಸಿದ ಕಾವಲು. ಕಲ್ಲು ಸಾಕ್ಷಿ, ಊರು ಕಾವಲುಗಾರ. ವೀರಗಲ್ಲಿನ ರೀತಿಯೂ ಇದೇ. ತುರುಗಳನ್ನು ಮರಳಿ ತರಲು ಹೋಗಿ ಮಡಿದವನ ಹೆಸರು ಅವನ ಊರಿನಲ್ಲಿ ಮರೆಯದಿರಲೆಂದು ಅದನ್ನು ನೆಟ್ಟರು.

ಕಾಲಾಂತರದಲ್ಲಿ ಈ ಸಂಬಂಧ ಕಡಿದುಹೋಯಿತು. ಲಿಪಿ ಬದಲಾಯಿತು, ಭಾಷೆ ಬದಲಾಯಿತು, ಓದಬಲ್ಲವರು ಇಲ್ಲದಾದರು. ಆಮೇಲೆ ಕಲ್ಲುಗಳಿಗೆ ಎರಡು ಬಗೆಯ ಗತಿ ಒದಗಿತು. ಕೆಲವು ದೇವರಾದುವು: ಎಣ್ಣೆ, ಅರಿಸಿನ, ಕುಂಕುಮಗಳನ್ನು ಪಡೆದು ಉಳಿದುವು. ಮತ್ತೆ ಕೆಲವು ಬಟ್ಟೆಯೊಗೆಯುವ ಬಂಡೆಗಳಾದುವು, ಮೋರಿಯ ಚಪ್ಪಡಿಗಳಾದುವು, ಕಟ್ಟಡದ ತಳಪಾಯ ಸೇರಿದುವು. ಇವುಗಳ ಕೆಳಗೆ ನಿಕ್ಷೇಪವಿದೆಯೆಂದು ನಂಬಿ ಕಿತ್ತು ಒಡೆದವರೂ ಉಂಟು. ಪೂಜೆಯಿಂದ ಕಲ್ಲು ಉಳಿಯಿತೆಂಬುದನ್ನು ವಿದ್ಯಾವಂತರಾದ ನಾವು ಮರೆಯಬಾರದು. ಆದರೆ ಆ ಕಲ್ಲಿನಲ್ಲಿದ್ದ ವೀರನ ಹೆಸರನ್ನು ಪೂಜೆಯೊಂದೇ ಉಳಿಸಲಾರದೆ ಹೋಯಿತು.

ಹೆಸರನ್ನು ಮರಳಿ ತಂದುಕೊಟ್ಟವರು ಶಾಸನಶೋಧಕರು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸರು ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ, ಸುಮಾರು ಒಂಬತ್ತು ಸಾವಿರ ಲೇಖಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ 12 ಸಂಪುಟಗಳಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಆ ಕಾರ್ಯವನ್ನು ಮುಂದುವರಿಸಿದರು. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಅದು ಕ್ರಿ.ಶ. 450ರ ಸುಮಾರಿನದೆಂದು ಅನೇಕ ವಿದ್ವಾಂಸರ ಮತ. ವಿಜ ಅರಸನೆಂಬ ವೀರನಿಗೆ ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದು ಸನ್ಮಾನಿಸಿ, ಕೊಟ್ಟ ಊರುಗಳಲ್ಲಿ ಪಲ್ಮಿಡಿಯೂ ಒಂದು. ಪಲ್ಮಿಡಿಯೇ ಹಲ್ಮಿಡಿ. ಒಂದೂವರೆ ಸಾವಿರ ವರ್ಷ ಆ ಊರು ತನ್ನ ಹೆಸರನ್ನು ಬಿಡಲಿಲ್ಲ. ಆ ಹೆಸರಿನ ಸಾಕ್ಷಿ ತನ್ನ ವೀರಭದ್ರನ ಗುಡಿಯ ಮುಂದೆಯೇ ಇದ್ದಿತೆಂಬುದನ್ನು ಮಾತ್ರ ಅರಿಯದೆ ಹೋಯಿತು. ಮೂಲಶಿಲೆಯನ್ನು ರಕ್ಷಣೆಗಾಗಿ ಮೈಸೂರಿಗೆ ಒಯ್ದರು. ಊರಿನಲ್ಲಿ ಈಗ ಅದರ ಪ್ರತಿಕೃತಿಯಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಿಕ್ಕ ಕಲ್ಲುಗಳನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದು ಮೇಲಲ್ಲವೆ? ಮಳೆ ಗಾಳಿಗಳಿಗೂ ಕಳ್ಳರಿಗೂ ಸಿಕ್ಕದಂತೆ ಇರಿಸಬೇಕಾದ ಅಪೂರ್ವಶಿಲೆಗಳು ಇವೆ, ಹಲ್ಮಿಡಿಯದು ಅಂಥದು. ಆದರೆ ಸಾವಿರಾರು ಕಲ್ಲುಗಳಿಗೆ ಯಾವ ಸಂಗ್ರಹಾಲಯದಲ್ಲಿ ಸ್ಥಳವಿದ್ದೀತು? ಸ್ಥಳವಿದ್ದರೂ, ಎಲ್ಲೆಯನ್ನು ಹೇಳುವ ಕಲ್ಲನ್ನು ಆ ಎಲ್ಲೆಯಿಂದ ಕಿತ್ತ ಮೇಲೆ ಅದರ ಮಾತಿನಲ್ಲಿ ಅರ್ಧ ಅಳಿದಂತೆಯೇ.

ಬೆಂಗಳೂರಿನ ನಿದರ್ಶನವನ್ನೇ ತೆಗೆದುಕೊಳ್ಳಬಹುದು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ, ಅದರಿಂದ ಈ ಹೆಸರು ಬಂದಿತೆಂಬ ಕಥೆ ಎಲ್ಲರ ಬಾಯಲ್ಲಿದೆ. ವೀರಬಲ್ಲಾಳನು 1173ರಲ್ಲಿ ಪಟ್ಟಕ್ಕೆ ಬಂದವನು. ಆದರೆ ಬೇಗೂರಿನ ದೇವಾಲಯದ ವೀರಗಲ್ಲೊಂದು 9ನೆಯ ಶತಮಾನದ ಕೊನೆಯ ಕಾಲದಲ್ಲಿಯೇ ಬೆಂಗಳೂರ ಕಾಳೆಗವನ್ನೂ ಅಲ್ಲಿ ಮಡಿದ ನಾಗತ್ತರನ ಕಡೆಯವರನ್ನೂ ಹೇಳುತ್ತದೆ. ಕಥೆಗಿಂತ ಊರು ಹಳೆಯದು. ಕಥೆಯನ್ನು ಮಕ್ಕಳಿಗೆ ಹೇಳೋಣ, ಕಲ್ಲನ್ನೂ ತೋರಿಸೋಣ.

ಇದೇ ನಗರದ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ಕಾಣಿಸಿತು. ಗಂಗರ ಶ್ರೀಪುರುಷನ ಆಳ್ವಿಕೆಯದು, ಕಾಲ ಕ್ರಿ.ಶ. 750ರ ಸುಮಾರು. ರಾಷ್ಟ್ರಕೂಟರ ದಾಳಿಯನ್ನೆದುರಿಸಿ ಮಡಿದ ಕಿತ್ತಯನ ಸ್ಮಾರಕವದು. ಅದರಲ್ಲಿ ಪೆರ್ಬೊಳಲ್ ನಾಡಿನ ಹೆಸರು ಇದೆ. ಆ ಪೆರ್ಬೊಳಲೇ ಹೆಬ್ಬಾಳ. ಆಸಕ್ತರೂ ಊರವರೂ ಕೂಡಿ ಆ ಕಲ್ಲನ್ನು ಊರಿನಲ್ಲಿಯೇ ಉಳಿಸಿ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು. ಹನ್ನೆರಡು ಶತಮಾನಗಳ ಹಿಂದೆ ಆ ಊರಿಗಾಗಿ ಪ್ರಾಣಕೊಟ್ಟವನಿಗೆ ಅದೇ ಊರು ಮತ್ತೆ ಮನೆ ಕಟ್ಟಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಪ್ರಾಂತದ ಶಾಸನಗಳಿಗೆ ಮೂರು ಆಯಾಮದ ಚಿತ್ರಗಳನ್ನೂ ಸಿದ್ಧಪಡಿಸುತ್ತಿದ್ದಾರೆ. ಕಲ್ಲು ಸವೆದರೂ ಅಕ್ಷರ ಉಳಿಯುವುದಕ್ಕೆ ಅದು ಉಪಾಯ.

ಹಾಗಾದರೆ ಪ್ರತಿಯೊಂದು ಊರಿನಲ್ಲಿ ಮಾಡಬೇಕಾದುದೇನು? ಬಹಳ ಹಣದ ಕೆಲಸವಿಲ್ಲ. ಮೊದಲನೆಯದಾಗಿ, ಕಲ್ಲಿನಲ್ಲಿ ಏನಿದೆಯೆಂಬುದನ್ನು ಈಗಿನ ಕನ್ನಡದಲ್ಲಿ ಬರೆದು ಅದರ ಪಕ್ಕದಲ್ಲಿ ನಿಲ್ಲಿಸಬೇಕು. ಎರಡನೆಯದಾಗಿ, ಶಾಲೆಯ ಉಪಾಧ್ಯಾಯರು ಚರಿತ್ರೆಯ ಮೊದಲ ಪಾಠವನ್ನು ಆ ಕಲ್ಲಿನ ಮುಂದೆಯೇ ಹೇಳಬೇಕು. ತನ್ನ ಊರಿನ ಹೆಸರನ್ನು ಸಾವಿರ ವರ್ಷದ ಅಕ್ಷರದಲ್ಲಿ ಬೆರಳಿಟ್ಟು ಓದಿದ ಹುಡುಗನು ಮುಂದೆ ಆ ಕಲ್ಲನ್ನು ಮೋರಿಗೆ ಹಾಕಗೊಡನು. ಮೂರನೆಯದಾಗಿ, ಪೂಜೆಯಿರುವಲ್ಲಿ ಪೂಜೆ ನಡೆಯಲಿ. ಜಾತ್ರೆಯ ದಿನ ಆ ವೀರನ ಹೆಸರನ್ನೂ ಅವನು ಮಾಡಿದ ಕೆಲಸವನ್ನೂ ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ.

ಪಟ್ಟಣಗಳು ಬೆಳೆಯುತ್ತಿವೆ, ಹೊಲಗಳು ಬಡಾವಣೆಗಳಾಗುತ್ತಿವೆ. ರೈಸರು ಪ್ರತಿಮಾಡಿಸಿದ ಅನೇಕ ಶಿಲೆಗಳು ಇಂದು ಅವರ ಪುಸ್ತಕದಲ್ಲಿ ಮಾತ್ರ ಉಳಿದಿವೆ. ಸರ್ಕಾರದ ಇಲಾಖೆ ಎಷ್ಟೇ ಶ್ರದ್ಧೆಯಿಂದ ದುಡಿದರೂ ಪ್ರತಿಯೊಂದು ಬದುವಿಗೂ ಕಾವಲಿಡಲಾರದು. ಆ ಕಾವಲನ್ನು ಶಾಸನ ಬರೆಯಿಸಿದವರು ಹಿಂದೆಯೇ ಊರಿಗೆ ಒಪ್ಪಿಸಿದ್ದಾರೆ. ಓದಬಲ್ಲವರು ಓದಿ ತಿಳಿಸಿದರೆ, ಊರವರು ಅದನ್ನು ಮತ್ತೆ ವಹಿಸಿಕೊಳ್ಳುವರು.