ಕೆಂಪಂಗಿಯವರ ಪ್ರತಿಜ್ಞೆ

ನಮ್ಮ ಶಾಲೆಗಳ ಚರಿತ್ರೆಯ ಪಾಠದಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರಿಗೆ ದೊರೆಯುತ್ತಿದ್ದುದು ಹೆಚ್ಚೆಂದರೆ ಒಂದು ವಾಕ್ಯ: ಅವರು ‘ಗಡಿನಾಡ ಗಾಂಧಿ’ ಎಂದು ಪ್ರಸಿದ್ಧರು. ಪ್ರೀತಿಯಿಂದ ಕೊಟ್ಟ ಬಿರುದೇ ಆದರೂ ನನಗದು ಒಪ್ಪಿಗೆಯಾಗದು. ಅವರ ಅಹಿಂಸೆ ಎರವಲು ತಂದದ್ದೆಂಬ ಭಾವನೆಯನ್ನು ಅದು ಮೂಡಿಸುತ್ತದೆ. ಗಾಂಧೀಜಿಯ ಮೇಲೆ ಅವರಿಗಿದ್ದ ಗೌರವ ಅಪಾರ, ನಿಜ. ಆದರೆ ಅಹಿಂಸೆಯ ಬೇರನ್ನು ಅವರು ಕಂಡದ್ದು ಇಸ್ಲಾಮಿನ ‘ಸಬ್ರ್’ನಲ್ಲಿ, ಎಂದರೆ ಸಹನೆಯಲ್ಲಿ. ಮೆಕ್ಕಾದಲ್ಲಿ ಕಿರುಕುಳಕ್ಕೊಳಗಾದ ವರ್ಷಗಳಲ್ಲಿ ಪ್ರವಾದಿಯವರು ಹಿಡಿದ ಆಯುಧ ಇದೇ ಎಂದು ಅವರು ಪಠಾಣರಿಗೆ ಬೋಧಿಸಿದರು.

ಕೇಳುತ್ತಿದ್ದವರಾದರೂ ಎಂಥವರು! ಸೇಡು ತೀರಿಸಿಕೊಳ್ಳುವುದು ಅವರಲ್ಲಿ ಮಾನದ ಪ್ರಶ್ನೆ. ‘ಬದಲ್’ ಎಂಬ ಆ ಋಣ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಇದಕ್ಕೆ ಖಾನರು ಉಪನ್ಯಾಸದಿಂದಲ್ಲ, ಶಾಲೆಯಿಂದ ಮದ್ದು ಹುಡುಕಿದರು. 1910ರಲ್ಲಿ ಪೇಶಾವರದ ಬಳಿಯ ಸ್ವಗ್ರಾಮ ಉತ್ಮಾನ್‌ಜಾಯಿಯಲ್ಲಿ ಮೊದಲ ಶಾಲೆ ತೆರೆದಾಗ ಅವರಿಗೆ ಇಪ್ಪತ್ತರ ಹರೆಯ. (ಮೇಷ್ಟರಾದ ನನಗೆ ಇದು ಹೆಮ್ಮೆಯ ಸಂಗತಿ!) 1929ರಲ್ಲಿ ‘ಖುದಾಯಿ ಖಿದ್ಮತ್‌ಗಾರ್’, ಅರ್ಥಾತ್ ದೇವರ ಸೇವಕರು, ಎಂಬ ಸಂಘಟನೆ ಹುಟ್ಟಿತು. ಸೇರುವವನು ದೇವರ ಮೇಲೆ ಆಣೆಯಿಟ್ಟು ಹಿಂಸೆಯನ್ನೂ ಸೇಡನ್ನೂ ತೊರೆಯಬೇಕು, ಪೀಡಿಸಿದವನನ್ನು ಕ್ಷಮಿಸಬೇಕು, ದಿನಕ್ಕೆ ಎರಡು ಗಂಟೆಯಾದರೂ ಸಮಾಜಸೇವೆ ಮಾಡಬೇಕು. ಬಂದೂಕು ಹಿಡಿದಿದ್ದ ಕೈಗಳು ಹಳ್ಳಿಯ ಬೀದಿ ಗುಡಿಸಿದವು. ಬಿಳಿಯ ಅಂಗಿ ಬೇಗ ಕೊಳೆಯಾಗುತ್ತದೆಂದು ಅದಕ್ಕೆ ಇಟ್ಟಿಗೆಗೆಂಪು ಬಣ್ಣ ಹಾಕಿಸಿದರು, ಅಷ್ಟೆ. ಬ್ರಿಟಿಷರಿಗೆ ಮಾತ್ರ ಅದರಲ್ಲಿ ರಷ್ಯದ ಬಣ್ಣ ಕಂಡಿತು!

1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿದೆ. ಅಲ್ಲಿಗೆ ಕರೆತಂದಿದ್ದ ಗಢವಾಲಿ ಸೈನಿಕರು ಹಿಂದೂಗಳು, ಎದುರಿನ ಜನಸಮೂಹ ಬಹುತೇಕ ಮುಸ್ಲಿಮರದು. ಗುಂಡು ಹಾರಿಸಲು ಹವಾಲ್ದಾರ್ ಚಂದ್ರಸಿಂಹ ಗಢವಾಲಿಯೂ ಅವರ ಸಂಗಡಿಗರೂ ನಿರಾಕರಿಸಿದರು. ಚಂದ್ರಸಿಂಹರಿಗೆ ಜೀವಾವಧಿ ಶಿಕ್ಷೆಯಾಯಿತು. ಧರ್ಮಗಳ ಸಂವಾದವೆಂದರೆ ವೇದಿಕೆಯ ಭಾಷಣವೆಂದು ಭಾವಿಸುವವರು ಈ ಪ್ರಸಂಗವನ್ನು ಓದಬೇಕು.

ಸೆರೆಮನೆಯಲ್ಲಿ ಖಾನರು ಹಿಂದೂ, ಸಿಖ್ ಬಂಧುಗಳೊಡನೆ ಗೀತೆಯನ್ನೂ ಗ್ರಂಥಸಾಹಿಬವನ್ನೂ ಓದಿದರು. 1947ರಲ್ಲಿ ಗಲಭೆಯಿಂದ ನೊಂದಿದ್ದ ಬಿಹಾರದಲ್ಲಿ ಗಾಂಧೀಜಿಯ ಜೊತೆಗಿದ್ದರು. ದೇಶವಿಭಜನೆಯ ನಂತರ ಪಾಕಿಸ್ತಾನ ಸರ್ಕಾರವೂ ಅವರನ್ನು ಅನೇಕ ವರ್ಷ ಸೆರೆಯಲ್ಲಿಟ್ಟಿತು.

1969ರ ಅಕ್ಟೋಬರಿನಲ್ಲಿ ಗಾಂಧಿ ಶತಮಾನೋತ್ಸವಕ್ಕೆಂದು ದೆಹಲಿಗೆ ಬಂದಿಳಿದಾಗ ಖಾನರಿಗೆ ಎಂಬತ್ತರ ಹತ್ತಿರ. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅಹಮದಾಬಾದಿನಲ್ಲಿ ಹಿಂದೂ-ಮುಸ್ಲಿಂ ಗಲಭೆ ನಡೆದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಸನ್ಮಾನಕ್ಕೆ ಕರೆಸಿಕೊಂಡಿದ್ದ ಅತಿಥಿ ಮೂರು ದಿನ ಉಪವಾಸ ಕುಳಿತರು.